ಸರ್ಕ್ಯೂಟ್ ಕಟ್ಟಿ ಆಯ್ತು, ಔಟ್‌ಪುಟ್ ಮಾತ್ರ ಇಲ್ಲ: ಎಲೆಕ್ಟ್ರಾನಿಕ್ಸ್ ಲ್ಯಾಬ್‌ನಲ್ಲಿ ದೋಷ ಹುಡುಕುವ ಕೈಪಿಡಿ

ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಭಾಗಗಳನ್ನು ಸಿಕ್ಕಿಸುವ ತೂತಿನ ಹಲಗೆ) ಮೇಲೆ ಕಟ್ಟಿದ ಸರ್ಕ್ಯೂಟ್ ಮೊದಲ ಸಲಕ್ಕೇ ಕೆಲಸ ಮಾಡುವುದು ಅಪರೂಪ. ಆಗ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ. "ಐಸಿ ಹೋಗಿದೆ", ಅಂದರೆ ಚಿಪ್ ಸುಟ್ಟಿದೆ, ಅಂತ ತೀರ್ಪು ಕೊಟ್ಟು ಹೊಸದು ಕೇಳಲು ಹೋಗುತ್ತಾರೆ. ಇಲ್ಲವೇ ಎಲ್ಲ ವೈರ್ ಕಿತ್ತುಹಾಕಿ ಮೊದಲಿನಿಂದ ಕಟ್ಟುತ್ತಾರೆ. ಎರಡನೆಯದು ಇನ್ನೂ ಕೆಟ್ಟ ಅಭ್ಯಾಸ. ವೈರ್ ಕಿತ್ತ ಕೂಡಲೇ ದೋಷದ ಸುಳಿವೂ ಹೋಯಿತು. ಚಿತ್ರವನ್ನೇ ತಪ್ಪಾಗಿ ಓದಿಕೊಂಡಿದ್ದರೆ ಎರಡನೇ ಸಲವೂ ಅದೇ ತಪ್ಪು ಬರುತ್ತದೆ, ಜೊತೆಗೆ ಅರ್ಧ ಗಂಟೆ ಹೋಗುತ್ತದೆ.

ಐಸಿ ನಿಜವಾಗಿ ಸುಟ್ಟಿರುವುದು ಕಡಿಮೆ. ಅದಕ್ಕೆ ಪವರ್ ತಲುಪದಿರುವುದು, ಗ್ರೌಂಡ್ ಸೇರದಿರುವುದು, ವೈರ್ ಪಕ್ಕದ ತೂತಿಗೆ ಹೋಗಿರುವುದೇ ಜಾಸ್ತಿ. ಹಾಗಾಗಿ ಇಲ್ಲಿ ಐಸಿಯನ್ನು ಕೊನೆಗೆ ಅನುಮಾನಿಸುತ್ತೇವೆ. ನಿಮಗೆ ಕಾಣುತ್ತಿರುವ ಲಕ್ಷಣ ಯಾವುದೋ ಆ ಭಾಗಕ್ಕೆ ನೇರವಾಗಿ ಹೋಗಿ. ಒಂದೇ ನಿಯಮ: ವೋಲ್ಟೇಜ್ ಅಳೆಯದೆ ಯಾವ ವೈರನ್ನೂ ಕೀಳಬೇಡಿ. ಕಿತ್ತರೂ ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಪವರ್ ಆಫ್ ಮಾಡಿ.

ಮೊದಲು ಸುರಕ್ಷತೆ

5ರಿಂದ 15 ವೋಲ್ಟ್‌ನ ಸರ್ಕ್ಯೂಟ್ ಒಣಗಿದ ಕೈಗೆ ಶಾಕ್ ಕೊಡುವುದಿಲ್ಲ. ಆದರೆ ಬಿಸಿಯೇರಿದ ರೆಗ್ಯುಲೇಟರ್ ಬೆರಳು ಸುಡುತ್ತದೆ. ಉಲ್ಟಾ ಹಾಕಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಸಿಡಿಯುತ್ತದೆ. ಪವರ್ ಆನ್ ಮಾಡುವಾಗ ಬೋರ್ಡಿನ ಮೇಲೆ ಮುಖ ಬಗ್ಗಿಸಿಕೊಂಡು ಕೂರಬೇಡಿ. ಎಲೆಕ್ಟ್ರೋಲಿಟಿಕ್‌ನ ಮೈ ಮೇಲೆ ಪಟ್ಟಿ ಇರುವ ಕಡೆ ಮೈನಸ್. ಟ್ಯಾಂಟಲಮ್ ಕೆಪಾಸಿಟರ್‌ನಲ್ಲಿ ಪಟ್ಟಿ ಇರುವ ಕಡೆ ಪ್ಲಸ್. ಒಂದನ್ನು ನೋಡಿ ಇನ್ನೊಂದನ್ನು ಊಹಿಸಿದರೆ ಕೆಟ್ಟಿತು.

ಮೇನ್ಸ್‌ಗೆ ನೇರವಾಗಿ ಸೇರುವ ಪ್ರಯೋಗಗಳ ಮಾತೇ ಬೇರೆ. ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ, ಎಸ್‌ಸಿಆರ್, ಟ್ರಯಾಕ್ (ಮೇನ್ಸ್ ಪವರ್ ನಿಯಂತ್ರಿಸುವ ಸ್ವಿಚ್ಚಿನಂಥ ಭಾಗಗಳು) ಇರುವ ಸರ್ಕ್ಯೂಟ್‌ಗಳಲ್ಲಿ ದೋಷ ಬಂದರೆ ಒಬ್ಬರೇ ಕೈ ಹಾಕಬೇಡಿ. ಆಸಿಲೋಸ್ಕೋಪ್ (ಅಲೆಯನ್ನು ಪರದೆಯ ಮೇಲೆ ತೋರಿಸುವ ಉಪಕರಣ) ಪ್ರೋಬ್‌ನ ಗ್ರೌಂಡ್ ಕ್ಲಿಪ್ ಸಾಮಾನ್ಯವಾಗಿ ಮೇನ್ಸ್ ಪ್ಲಗ್‌ನ ಅರ್ಥ್ ಪಿನ್ನಿಗೆ ಸೇರಿರುತ್ತದೆ. ಅದನ್ನು ಮೇನ್ಸ್ ಇರುವ ಜಾಗಕ್ಕೆ ಕಚ್ಚಿಸಿದರೆ ನೇರ ಶಾರ್ಟ್. ಇದನ್ನು ತಪ್ಪಿಸಲು ಸ್ಕೋಪ್‌ನ ಅರ್ಥ್ ಪಿನ್ ತೆಗೆದುಹಾಕುವವರಿದ್ದಾರೆ. ಹಾಗೆ ಮಾಡಿದರೆ ಸ್ಕೋಪ್‌ನ ಲೋಹದ ಭಾಗಗಳಲ್ಲೇ ಮೇನ್ಸ್ ವೋಲ್ಟೇಜ್ ಬಂದು ಕೂರಬಹುದು. ಯಾವ ಕಾರಣಕ್ಕೂ ಬೇಡ.

ಲಕ್ಷಣ: ಏನೂ ಇಲ್ಲ. ಎಲ್‌ಇಡಿ ಹೊತ್ತಿಲ್ಲ, ಔಟ್‌ಪುಟ್ ಸೊನ್ನೆ

ಮೊದಲು ಪವರ್ ಸಪ್ಲೈ ನೋಡಿ. ಎಷ್ಟೋ ಸಪ್ಲೈಗಳಲ್ಲಿ ಔಟ್‌ಪುಟ್ ಬಟನ್ ಬೇರೆ ಇರುತ್ತದೆ. ಅದನ್ನು ಒತ್ತದಿದ್ದರೂ ಡಿಸ್‌ಪ್ಲೇಯಲ್ಲಿ 12.0 ಅಂತ ತೋರಿಸುತ್ತಿರುತ್ತದೆ. ಅದು ನೀವು ಸೆಟ್ ಮಾಡಿದ ವೋಲ್ಟೇಜ್, ಹೊರಗೆ ಬರುತ್ತಿರುವುದಲ್ಲ.

ಸಪ್ಲೈನ ಟರ್ಮಿನಲ್‌ನಲ್ಲಿ ಅಳೆದು ಸುಮ್ಮನಾಗಬೇಡಿ. ಮಲ್ಟಿಮೀಟರ್‌ನ ಮೊನೆಯನ್ನು ಐಸಿಯ ಕಾಲಿಗೇ ಮುಟ್ಟಿಸಿ. ಪಕ್ಕದ ತೂತಿನಲ್ಲಿರುವ ವೈರಿಗಲ್ಲ, ಕಾಲಿಗೇ. ಐಸಿಯನ್ನು ಒತ್ತಿ ಕೂರಿಸುವಾಗ ಒಂದು ಕಾಲು ಮಡಚಿ ಹೊಟ್ಟೆಯ ಕೆಳಗೆ ಹೋಗಿರುತ್ತದೆ, ಮೇಲಿನಿಂದ ನೋಡಿದರೆ ಎಲ್ಲ ಸರಿ ಇದ್ದಂತೆಯೇ ಕಾಣುತ್ತದೆ.

741 ಆಪ್-ಆಂಪ್ (ಸಿಗ್ನಲ್ ವರ್ಧಿಸುವ ಐಸಿ) ಅಂತಿಟ್ಟುಕೊಳ್ಳಿ, ಸಪ್ಲೈ ±12 ವೋಲ್ಟ್. 7ನೇ ಪಿನ್ನಿಗೂ 4ನೇ ಪಿನ್ನಿಗೂ ಮಧ್ಯೆ 24 ವೋಲ್ಟ್ ಬರಬೇಕು. ಆಮೇಲೆ ಸರ್ಕ್ಯೂಟ್‌ನ ಗ್ರೌಂಡ್‌ಗೆ ಹೋಲಿಸಿ ಎರಡನ್ನೂ ಬೇರೆ ಬೇರೆ ಅಳೆಯಿರಿ. 24 ಸರಿಯಾಗಿದೆ, ಆದರೆ ಗ್ರೌಂಡ್‌ನಿಂದ ನೋಡಿದರೆ +12, −12 ಬರುತ್ತಿಲ್ಲ ಅಂದರೆ ಸಪ್ಲೈನ ನಡುವಿನ ಕಾಮನ್ ಟರ್ಮಿನಲ್‌ನಿಂದ ಬೋರ್ಡಿಗೆ ವೈರ್ ಬಂದಿಲ್ಲ. ಡ್ಯುಯಲ್ ಸಪ್ಲೈ ಬಳಸುವಾಗ ಎಲ್ಲಕ್ಕಿಂತ ಹೆಚ್ಚು ಮರೆಯುವ ವೈರ್ ಇದೇ. ಸಪ್ಲೈ ಮೇಲಿನ ಹಸಿರು ಟರ್ಮಿನಲ್ ಅರ್ಥ್, ಅದು ಕಾಮನ್ ಅಲ್ಲ. ಅದಕ್ಕೆ ವೈರ್ ಹಾಕಿ "ಗ್ರೌಂಡ್ ಕೊಟ್ಟಿದ್ದೇನಲ್ಲ" ಅನ್ನುವುದು ಮಾಮೂಲು.

ಐಸಿಗೆ ಪವರ್ ಬಂದಿಲ್ಲವಾದರೆ ಬ್ರೆಡ್‌ಬೋರ್ಡ್‌ನ ಉದ್ದದ ಪವರ್ ಸಾಲು ನೋಡಿ. ಹಲವು ಬೋರ್ಡ್‌ಗಳಲ್ಲಿ ಅದು ನಡುವಿನಲ್ಲಿ ತುಂಡಾಗಿರುತ್ತದೆ. ಪಕ್ಕದ ಕೆಂಪು ಗೆರೆ ನಡುವೆ ನಿಂತಿದ್ದರೆ ಸಾಲೂ ಅಲ್ಲಿಗೆ ನಿಂತಿದೆ ಅಂತ ತಿಳಿಯಿರಿ. ಎರಡು ತುಂಡಿಗೂ ಒಂದು ಜಂಪರ್ ಹಾಕಿದರೆ ಮುಗಿಯಿತು. ವೈರಿನ ತುದಿ ಸಾಕಷ್ಟು ಸುಲಿಯದಿದ್ದರೆ ಒಳಗಿನ ಕ್ಲಿಪ್ ಪ್ಲಾಸ್ಟಿಕ್ಕನ್ನೇ ಹಿಡಿದುಕೊಂಡಿರುತ್ತದೆ, ಅದನ್ನೂ ಎಳೆದು ನೋಡಿ.

ಡಿಜಿಟಲ್ ಐಸಿಗಳಲ್ಲಿ "14ಕ್ಕೆ 5 ವೋಲ್ಟ್, 7ಕ್ಕೆ ಗ್ರೌಂಡ್" ಅನ್ನುವುದು ಬಾಯಿಪಾಠ ಆಗಿರುತ್ತದೆ. 7400ಕ್ಕೆ ಅದು ಸರಿ. 7490ರಲ್ಲಿ ಪವರ್ 5ನೇ ಪಿನ್, ಗ್ರೌಂಡ್ 10ನೇ ಪಿನ್. 7476ರಲ್ಲಿ 5 ಮತ್ತು 13. 7402ರಲ್ಲಿ ಪವರ್ ಪಿನ್ ಬದಲಾಗಿಲ್ಲ, ಗೇಟ್‌ಗಳು ತಿರುಗಿವೆ: 1ನೇ ಪಿನ್ ಔಟ್‌ಪುಟ್, 2 ಮತ್ತು 3 ಇನ್‌ಪುಟ್. ಪ್ರತಿ ಐಸಿಗೂ ಪಿನ್ ಚಿತ್ರ ತೆಗೆದು ನೋಡುವುದು ನಾಚಿಕೆಯ ವಿಷಯವಲ್ಲ.

ಲಕ್ಷಣ: ಸಪ್ಲೈನ ಸಿಸಿ ದೀಪ ಹೊತ್ತುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಏನೋ ಬಿಸಿಯಾಗುತ್ತದೆ

ತಕ್ಷಣ ಆಫ್ ಮಾಡಿ. ಕರೆಂಟ್ ನಾಬ್ ತಿರುಗಿಸಿ ವೋಲ್ಟೇಜ್ ಮೇಲೆತ್ತಲು ಹೋಗಬೇಡಿ. ಸಿಸಿ ದೀಪ ಹೊತ್ತಿದೆ ಅಂದರೆ ಸರ್ಕ್ಯೂಟ್ ನೀವು ಬಿಟ್ಟಷ್ಟಕ್ಕಿಂತ ಜಾಸ್ತಿ ಕರೆಂಟ್ ಕೇಳುತ್ತಿದೆ, ಸಪ್ಲೈ ತಡೆಹಿಡಿದಿದೆ. ನಾಬ್ ತಿರುಗಿಸಿದರೆ ಆ ತಡೆಯನ್ನೇ ತೆಗೆದ ಹಾಗಾಯಿತು.

ಒಂದು 741 ಎಳೆಯುವುದು ಸುಮಾರು 2 ಮಿಲಿಆಂಪ್. ಸಣ್ಣ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಕೂಡ ಕೆಲವೇ ಮಿಲಿಆಂಪ್. ಹಾಗಿರುವಾಗ ಇಂಥ ಪ್ರಯೋಗಕ್ಕೆ ಲಿಮಿಟ್ 50 ಮಿಲಿಆಂಪ್‌ಗೆ ಇಟ್ಟರೆ ಧಾರಾಳವಾಯಿತು. ಅಷ್ಟಕ್ಕೆ ಇಟ್ಟಿದ್ದರೆ ತಪ್ಪು ವೈರಿಂಗ್ ಆದರೂ ಹೆಚ್ಚಿನ ಸಲ ಏನೂ ಸುಡುವುದಿಲ್ಲ.

ಈಗ ಸಪ್ಲೈನ ವೈರ್ ಬೋರ್ಡಿನಿಂದ ಬಿಡಿಸಿ, ಪ್ಲಸ್ ಸಾಲು ಮತ್ತು ಗ್ರೌಂಡ್ ಸಾಲಿನ ಮಧ್ಯೆ ಓಮ್ ಅಳೆಯಿರಿ. ಒಂದೆರಡು ಓಮ್ ಬಂದರೆ ನಿಜವಾದ ಶಾರ್ಟ್. ರೆಸಿಸ್ಟರ್‌ನ ಉದ್ದ ಕಾಲುಗಳು ಒಂದಕ್ಕೊಂದು ಮುಟ್ಟಿಕೊಂಡಿವೆಯಾ ನೋಡಿ. ಐಸಿಯನ್ನು ನಡುವಿನ ಕಾಲುವೆಯ ಮೇಲೆ ಕೂರಿಸದೆ ಒಂದೇ ಕಡೆ ಅಡ್ಡ ಹಾಕಿದ್ದೀರಾ ನೋಡಿ. ಮೀಟರ್ ಒಂದು ಸಲ ಬೀಪ್ ಅಂದು ನಿಂತರೆ ಹೆದರಬೇಡಿ, ಅದು ಕೆಪಾಸಿಟರ್ ಚಾರ್ಜ್ ಆಗುತ್ತಿರುವುದು. ಕಿಲೋಓಮ್‌ಗಟ್ಟಲೆ ತೋರಿಸುತ್ತಿದ್ದರೂ ಪವರ್ ಕೊಟ್ಟಾಗ ಮಾತ್ರ ಸಿಸಿ ಬರುತ್ತಿದ್ದರೆ ಯಾವುದೋ ಐಸಿ ಉಲ್ಟಾ ಕೂತಿದೆ, ಅಥವಾ ಡಯೋಡ್ ಉಲ್ಟಾ ಇದೆ. ಒಂದೊಂದು ಭಾಗದ ಪವರ್ ವೈರ್ ಬಿಡಿಸುತ್ತಾ ಹೋಗಿ. ಯಾವುದನ್ನು ಬಿಡಿಸಿದಾಗ ದೀಪ ಆರುತ್ತದೋ ದೋಷ ಅಲ್ಲಿದೆ.

7805 (5 ವೋಲ್ಟ್ ಕೊಡುವ ರೆಗ್ಯುಲೇಟರ್) ಕೈ ಸುಡುವಷ್ಟು ಬಿಸಿಯಾಗುವುದು ಯಾವಾಗಲೂ ದೋಷ ಅಲ್ಲ. 12 ವೋಲ್ಟ್ ಕೊಟ್ಟು 5 ವೋಲ್ಟ್‌ನಲ್ಲಿ ಅರ್ಧ ಆಂಪ್ ಎಳೆದರೆ ಉಳಿದ 7 ವೋಲ್ಟ್ ಅದರ ಮೈ ಮೇಲೇ ಬೀಳುತ್ತದೆ. ಅಂದರೆ 3.5 ವ್ಯಾಟ್ ಶಾಖ. ಹೀಟ್‌ಸಿಂಕ್ ಇಲ್ಲದೆ ಅದು ತಡೆಯುವುದಿಲ್ಲ, ತಾನೇ ಆಫ್ ಆಗಿ ತಣ್ಣಗಾದ ಮೇಲೆ ಮತ್ತೆ ಶುರುವಾಗುತ್ತದೆ. ಔಟ್‌ಪುಟ್ ಬಂದು ಬಂದು ಹೋಗುತ್ತಿದ್ದರೆ ಇದನ್ನೂ ನೆನಪಿಡಿ. ಇನ್ನೊಂದು: ಮೈನಸ್ 5 ವೋಲ್ಟ್ ಕೊಡುವ 7905ರ ಕಾಲುಗಳ ಕ್ರಮ 7805ರಂತಿಲ್ಲ. ಅದರಲ್ಲಿ ಮೊದಲನೆಯದು ಗ್ರೌಂಡ್, ನಡುವಿನದು ಇನ್‌ಪುಟ್.

ಮಲ್ಟಿಮೀಟರ್ ಕೂಡ ಶಾರ್ಟ್ ಮಾಡಬಲ್ಲದು. ಕರೆಂಟ್ ಅಳೆದ ಮೇಲೆ ಕೆಂಪು ಲೀಡ್ ಕರೆಂಟ್ ಜ್ಯಾಕ್‌ನಲ್ಲೇ ಉಳಿದಿರುತ್ತದೆ. ಹಾಗೇ ವೋಲ್ಟೇಜ್ ಅಳೆಯಲು ಹೋದರೆ ಮೀಟರ್ ಒಂದು ತುಂಡು ವೈರಿನಂತೆ ಸಪ್ಲೈಗೆ ಅಡ್ಡ ಕೂರುತ್ತದೆ, ಒಳಗಿನ ಫ್ಯೂಸ್ ಹೋಗುತ್ತದೆ. ಆಮೇಲೆ ಆ ಮೀಟರ್‌ನಲ್ಲಿ ಯಾರು ಕರೆಂಟ್ ಅಳೆದರೂ ಸೊನ್ನೆ. ನಿಮ್ಮ ಸರ್ಕ್ಯೂಟ್‌ನಲ್ಲಿ ಕರೆಂಟ್ ಸೊನ್ನೆ ತೋರಿಸಿದರೆ ಮೊದಲು ಒಂದು ಎಲ್‌ಇಡಿ ಮತ್ತು ರೆಸಿಸ್ಟರ್ ಜೊತೆ ಮೀಟರನ್ನು ಸೀರೀಸ್‌ನಲ್ಲಿ ಹಾಕಿ ನೋಡಿ. ಎಲ್‌ಇಡಿ ಹೊತ್ತದಿದ್ದರೆ ಮೀಟರ್‌ನ ಫ್ಯೂಸ್ ಹೋಗಿದೆ.

ಲಕ್ಷಣ: ಸ್ಕೋಪ್‌ನಲ್ಲಿ ಅಲೆ ಕಾಣುತ್ತಿಲ್ಲ, ಅಥವಾ ನಿಲ್ಲದೆ ಓಡುತ್ತಿದೆ

ಸರ್ಕ್ಯೂಟ್ ಬಿಡಿ, ಮೊದಲು ಸ್ಕೋಪನ್ನೇ ಪರೀಕ್ಷಿಸಿ. ಮುಂಭಾಗದಲ್ಲಿ ಪ್ರೋಬ್ ಸರಿ ಮಾಡಲು ಒಂದು ಸಣ್ಣ ಲೋಹದ ಕೊಂಡಿ ಇರುತ್ತದೆ. ಅಲ್ಲಿ ಸಾಮಾನ್ಯವಾಗಿ 1 ಕಿಲೋಹರ್ಟ್ಸ್ ಚೌಕ ಅಲೆ ಸಿಗುತ್ತದೆ. ಪ್ರೋಬ್ ಅಲ್ಲಿಗೆ ಸಿಕ್ಕಿಸಿ. ಅದೂ ಕಾಣದಿದ್ದರೆ ಚಾನಲ್ ಆಫ್ ಇದೆ, ಕಪ್ಲಿಂಗ್ ಗ್ರೌಂಡ್‌ಗೆ ಹೋಗಿದೆ, ಇಲ್ಲವೇ ಪ್ರೋಬ್‌ನ ವೈರ್ ಒಳಗೇ ತುಂಡಾಗಿದೆ. ಸರ್ಕ್ಯೂಟ್‌ನ ತಪ್ಪೇನಿಲ್ಲ.

ಅದು ಸರಿಯಾಗಿ ಕಂಡರೆ ಫಂಕ್ಷನ್ ಜನರೇಟರನ್ನು (ಪರೀಕ್ಷೆಗೆ ಅಲೆ ಕೊಡುವ ಉಪಕರಣ) ನೇರ ಸ್ಕೋಪ್‌ಗೆ ಕೊಡಿ. ಅದೂ ಸರಿ ಇದ್ದರೆ ಸರ್ಕ್ಯೂಟ್‌ನ ಇನ್‌ಪುಟ್‌ನಲ್ಲಿ ನೋಡಿ, ಆಮೇಲೆ ನಡುಭಾಗದಲ್ಲಿ. ನಡುವಿನಲ್ಲಿ ಅಲೆ ಇದ್ದರೆ ದೋಷ ಮುಂದಿದೆ, ಇಲ್ಲದಿದ್ದರೆ ಹಿಂದಿದೆ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ ಉದ್ದದ ಸರ್ಕ್ಯೂಟ್‌ನಲ್ಲೂ ಮೂರು ನಾಲ್ಕು ಅಳತೆಯಲ್ಲಿ ಜಾಗ ಸಿಗುತ್ತದೆ. ಜನರೇಟರ್ ಕೇಬಲ್ ಹಾಕಿದ ಕೂಡಲೇ ಇನ್‌ಪುಟ್‌ನಲ್ಲಿ ಅಲೆ ಮಾಯವಾದರೆ ಇನ್‌ಪುಟ್ ಗ್ರೌಂಡ್‌ಗೆ ಶಾರ್ಟ್ ಆಗಿದೆ. ಕ್ರೊಕೊಡೈಲ್ ಕ್ಲಿಪ್‌ಗಳು ಒಂದಕ್ಕೊಂದು ತಾಗಿಕೊಂಡಿರುವುದೇ ಹೆಚ್ಚಿನ ಸಲದ ಕಾರಣ.

ಅಲೆ ನಿಲ್ಲದೆ ಓಡುತ್ತಿದ್ದರೆ ಟ್ರಿಗರ್ (ಅಲೆಯನ್ನು ಎಲ್ಲಿಂದ ತೋರಿಸಲು ಶುರು ಮಾಡಬೇಕೆಂಬ ಸೆಟ್ಟಿಂಗ್) ನೋಡಿ. ಅಲೆ ಇರುವುದು 1ನೇ ಚಾನಲ್‌ನಲ್ಲಿ, ಟ್ರಿಗರ್ ಸೋರ್ಸ್ 2ಕ್ಕೆ ಇದ್ದರೆ ಅದು ಓಡಲೇಬೇಕು. ಸೋರ್ಸ್ ಸರಿಮಾಡಿ, ಟ್ರಿಗರ್ ಲೆವೆಲನ್ನು ಅಲೆಯ ಎತ್ತರದ ಒಳಗೆ ತನ್ನಿ.

ಆಟೋಸೆಟ್ ಬಟನ್ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಸಿಗ್ನಲ್ ಇಲ್ಲದಿದ್ದರೂ ಅದು ಕೆಲವು ಮಿಲಿವೋಲ್ಟ್ ಗದ್ದಲವನ್ನೇ ಹಿಗ್ಗಿಸಿ ಪರದೆ ತುಂಬಾ ತೋರಿಸಬಹುದು. ವೋಲ್ಟ್ಸ್ ಪರ್ ಡಿವಿಷನ್ ಎಷ್ಟಿದೆ ಅಂತ ಓದದೆ ಅಲೆ ಬಂತು ಅಂತ ಖುಷಿಪಡಬೇಡಿ. ಡಿಜಿಟಲ್ ಸ್ಕೋಪ್‌ನಲ್ಲಿ ಟೈಮ್‌ಬೇಸ್ ತುಂಬಾ ನಿಧಾನಕ್ಕೆ ಇಟ್ಟರೆ ಇಲ್ಲದ ಕಡಿಮೆ ಫ್ರೀಕ್ವೆನ್ಸಿ ಅಲೆಯೊಂದು ಕಾಣಬಹುದು. 100 ಕಿಲೋಹರ್ಟ್ಸ್ ಕೊಟ್ಟು 200 ಹರ್ಟ್ಸ್ ಕಂಡರೆ ಟೈಮ್‌ಬೇಸ್ ವೇಗ ಮಾಡಿ ನೋಡಿ, ನಿಜವಾದ ಅಲೆ ಆಗ ಸಿಗುತ್ತದೆ.

ಲಕ್ಷಣ: ಅಲೆ ಇದೆ, ಆದರೆ ಲೆಕ್ಕಕ್ಕೆ ಹೊಂದುತ್ತಿಲ್ಲ

ಎಷ್ಟು ಪಟ್ಟು ತಪ್ಪಿದೆ ಅನ್ನುವುದರಲ್ಲೇ ಉತ್ತರ ಇದೆ. ಹತ್ತು ಪಟ್ಟು ತಪ್ಪಿದ್ದರೆ ಪ್ರೋಬ್ ಮೇಲಿನ ಸ್ವಿಚ್ಚು 10ಎಕ್ಸ್‌ನಲ್ಲಿದೆ, ಸ್ಕೋಪ್‌ನ ಸೆಟ್ಟಿಂಗ್ 1ಎಕ್ಸ್‌ನಲ್ಲಿದೆ, ಅಥವಾ ಅದರ ಉಲ್ಟಾ. ಸರಿಯಾಗಿ ಎರಡು ಪಟ್ಟು ತಪ್ಪಿದ್ದರೆ ಜನರೇಟರ್‌ನ ಲೋಡ್ ಸೆಟ್ಟಿಂಗ್. ಅದರ ಒಳಗೆ 50 ಓಮ್ ಇರುತ್ತದೆ, ಹೊರಗೂ 50 ಓಮ್ ಇದೆ ಅಂದುಕೊಂಡು ಅದು ಅಂಕಿ ತೋರಿಸುತ್ತದೆ. ನಿಮ್ಮ ಸರ್ಕ್ಯೂಟ್‌ನ ಇನ್‌ಪುಟ್ ಕಿಲೋಓಮ್‌ಗಳಲ್ಲಿದ್ದರೆ 1 ವೋಲ್ಟ್ ಅಂದದ್ದು 2 ವೋಲ್ಟ್ ಬರುತ್ತದೆ. ಸೆಟ್ಟಿಂಗನ್ನು ಹೈ-ಜೆಡ್‌ಗೆ (ಹೆಚ್ಚು ಓಮ್‌ನ ಲೋಡ್) ಹಾಕಿ.

ಸ್ಕೋಪ್ 10 ವೋಲ್ಟ್ ಪೀಕ್ ಟು ಪೀಕ್ ಅನ್ನುವಾಗ ಮೀಟರ್ 3.54 ಅಂದರೆ ಎರಡೂ ಸರಿ. ಮೀಟರ್ ಆರ್‌ಎಂಎಸ್ (ಅಷ್ಟೇ ಶಾಖ ಕೊಡುವ ಡಿಸಿಗೆ ಸಮನಾದ ಬೆಲೆ) ತೋರಿಸುತ್ತದೆ. ಆದರೆ ಸಾಮಾನ್ಯ ಮೀಟರ್‌ನ ಎಸಿ ರೇಂಜನ್ನು ಹತ್ತಾರು ಕಿಲೋಹರ್ಟ್ಸ್‌ನಲ್ಲಿ ನಂಬುವಂತಿಲ್ಲ.

ರೆಸಿಸ್ಟರ್ ಬಣ್ಣ ಓದುವಲ್ಲಿ ಕೆಂಪು, ಕಿತ್ತಳೆ, ಕಂದು ಮೂರೂ ಮಂದ ಬೆಳಕಿನಲ್ಲಿ ಒಂದೇ ಥರ. ಕಂದು-ಕಪ್ಪು-ಕೆಂಪು 1 ಕಿಲೋಓಮ್, ಕಂದು-ಕಪ್ಪು-ಕಿತ್ತಳೆ 10 ಕಿಲೋಓಮ್. ಕಣ್ಣಿಗಿಂತ ಮೀಟರ್ ವಾಸಿ. ಅಳೆಯುವಾಗ ರೆಸಿಸ್ಟರ್‌ನ ಒಂದು ಕಾಲನ್ನಾದರೂ ಬೋರ್ಡಿನಿಂದ ಹೊರಗೆ ತೆಗೆಯಿರಿ, ಇಲ್ಲದಿದ್ದರೆ ಪಕ್ಕದ ದಾರಿಗಳೂ ಲೆಕ್ಕಕ್ಕೆ ಸೇರುತ್ತವೆ. ಕೆಪಾಸಿಟರ್ ಮೇಲೆ 104 ಅಂದರೆ 0.1 ಮೈಕ್ರೋಫ್ಯಾರಡ್, 103 ಅಂದರೆ 0.01.

ಲಕ್ಷಣ: ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ವರ್ಧಿಸುತ್ತಿಲ್ಲ, ಅಥವಾ ಅಲೆಯ ತಲೆ ಕತ್ತರಿಸಿದೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಲ್ಯಾಬ್‌ನಲ್ಲಿ ಅತಿ ಹೆಚ್ಚು ಸಮಯ ತಿನ್ನುವ ಸರ್ಕ್ಯೂಟ್ ಇದು, ಆದರೆ ಡಿಸಿ ವೋಲ್ಟೇಜ್ ಓದಲು ಬಂದರೆ ತನ್ನ ಕಾಯಿಲೆ ತಾನೇ ಹೇಳುತ್ತದೆ. ಜನರೇಟರ್ ಕಿತ್ತಿಡಿ. ಮೊದಲು ಬರೀ ಡಿಸಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಾಮನ್ ಎಮಿಟರ್, ಸಪ್ಲೈ 12 ವೋಲ್ಟ್, ಕಲೆಕ್ಟರ್ ರೆಸಿಸ್ಟರ್ 2.2 ಕಿಲೋಓಮ್, ಎಮಿಟರ್ ರೆಸಿಸ್ಟರ್ 470 ಓಮ್, ಕರೆಂಟ್ 2 ಮಿಲಿಆಂಪ್‌ಗೆ ಡಿಸೈನ್ ಮಾಡಿದ್ದು. ಗ್ರೌಂಡ್‌ಗೆ ಹೋಲಿಸಿದರೆ ಎಮಿಟರ್‌ನಲ್ಲಿ ಸುಮಾರು 0.94 ವೋಲ್ಟ್, ಬೇಸ್‌ನಲ್ಲಿ 1.6, ಕಲೆಕ್ಟರ್‌ನಲ್ಲಿ 7.6 ಇರಬೇಕು.

ಕಲೆಕ್ಟರ್ 12, ಎಮಿಟರ್ 0, ಬೇಸ್ 0: ಮೇಲಿನ ಬಯಾಸ್ ರೆಸಿಸ್ಟರ್ (ಸಪ್ಲೈನಿಂದ ಬೇಸ್‌ಗೆ ಬರುವುದು) ಬೇಸ್‌ಗೆ ತಲುಪಿಲ್ಲ, ಅಥವಾ ಬೇಸ್ ಗ್ರೌಂಡ್‌ಗೆ ತಾಗಿದೆ.

ಕಲೆಕ್ಟರ್ 12, ಎಮಿಟರ್ 0, ಬೇಸ್ ಮಾತ್ರ 1.6 ಅಥವಾ ಸ್ವಲ್ಪ ಜಾಸ್ತಿ: ಬೇಸ್‌ಗೂ ಎಮಿಟರ್‌ಗೂ ಮಧ್ಯೆ 0.7ಕ್ಕಿಂತ ತುಂಬಾ ಜಾಸ್ತಿ ಇದೆಯಲ್ಲ, ಒಳ್ಳೆಯ ಸಿಲಿಕಾನ್ ಜಂಕ್ಷನ್ ಅಷ್ಟು ಬಿಡುವುದಿಲ್ಲ. ಎಮಿಟರ್ ಕಾಲು ತೂತಿನಲ್ಲಿ ಕೂತಿಲ್ಲ, ಕಾಲುಗಳು ಅದಲುಬದಲಾಗಿವೆ, ಇಲ್ಲವೇ ಟ್ರಾನ್ಸಿಸ್ಟರ್ ನಿಜಕ್ಕೂ ಹೋಗಿದೆ.

ಕಲೆಕ್ಟರ್ 12, ಬೇಸ್ ಸರಿ, ಎಮಿಟರ್ ಬೇಸ್‌ಗಿಂತ ಬರೀ 0.4 ಅಥವಾ 0.5 ಕಡಿಮೆ: ಎಮಿಟರ್ ರೆಸಿಸ್ಟರ್ ಗ್ರೌಂಡ್‌ಗೆ ಸೇರಿಲ್ಲ. ಮೀಟರ್ ಎಳೆಯುವ ಚೂರು ಕರೆಂಟ್ ಬಿಟ್ಟರೆ ಬೇರೆ ಕರೆಂಟೇ ಹರಿಯುತ್ತಿಲ್ಲ.

ಕಲೆಕ್ಟರ್ ಮತ್ತು ಎಮಿಟರ್ ಮಧ್ಯೆ 0.2 ವೋಲ್ಟ್ ಮಾತ್ರ: ಸ್ಯಾಚುರೇಶನ್, ಅಂದರೆ ಟ್ರಾನ್ಸಿಸ್ಟರ್ ಪೂರ್ತಿ ಆನ್. ಕೆಳಗಿನ ಬಯಾಸ್ ರೆಸಿಸ್ಟರ್ (ಬೇಸ್‌ನಿಂದ ಗ್ರೌಂಡ್‌ಗೆ ಹೋಗುವುದು) ಬಿಟ್ಟುಹೋಗಿದೆ ಅಥವಾ ಯಾವುದೋ ರೆಸಿಸ್ಟರ್‌ನ ಬೆಲೆ ಹತ್ತು ಪಟ್ಟು ತಪ್ಪಿದೆ.

ಟ್ರಾನ್ಸಿಸ್ಟರ್ ಮೇಲೆ ಅನುಮಾನ ಬಂದರೆ ಹೊರಗೆ ತೆಗೆದು ಮೀಟರ್‌ನ ಡಯೋಡ್ ಮೋಡ್‌ನಲ್ಲಿ ನೋಡಿ. ಎನ್‌ಪಿಎನ್ ಆದರೆ ಕೆಂಪು ಲೀಡ್ ಬೇಸ್‌ಗೆ ಇಟ್ಟು ಉಳಿದ ಎರಡಕ್ಕೂ ಕಪ್ಪು ಮುಟ್ಟಿಸಿದಾಗ 0.6ರಿಂದ 0.7 ಬರಬೇಕು. ಲೀಡ್ ಉಲ್ಟಾ ಮಾಡಿದರೆ ಏನೂ ಬರಬಾರದು. ಕಲೆಕ್ಟರ್-ಎಮಿಟರ್ ಮಧ್ಯೆ ಎರಡೂ ದಿಕ್ಕಿಗೆ ಏನೂ ಬರಬಾರದು. ಬಿಸಿ547ರ ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಇದ್ದಾಗ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಬೇರೆ ನಂಬರ್‌ಗಳಲ್ಲಿ ಇದೇ ಕ್ರಮ ಇರಬೇಕೆಂದಿಲ್ಲ. ಕಲೆಕ್ಟರ್ ಮತ್ತು ಎಮಿಟರ್ ಉಲ್ಟಾ ಹಾಕಿದರೂ ಟ್ರಾನ್ಸಿಸ್ಟರ್ ಪೂರ್ತಿ ಸಾಯುವುದಿಲ್ಲ, ಸೋಮಾರಿಯಂತೆ ಚೂರುಪಾರು ಕೆಲಸ ಮಾಡುತ್ತದೆ. ಅದೇ ದಾರಿ ತಪ್ಪಿಸುವುದು.

ಡಿಸಿ ಎಲ್ಲ ಸರಿ, ಆದರೆ ಗೇನ್ (ಎಷ್ಟು ಪಟ್ಟು ವರ್ಧನೆ) ಬರೀ 4 ಅಥವಾ 5? ಎಮಿಟರ್ ಬೈಪಾಸ್ ಕೆಪಾಸಿಟರ್ (ಎಮಿಟರ್ ರೆಸಿಸ್ಟರ್‌ಗೆ ಅಡ್ಡ ಇರುವುದು) ನೋಡಿ. ಅದು ಸರಿಯಾಗಿ ಸೇರಿದ್ದರೆ ಲೋಡ್ ಇಲ್ಲದಾಗ ಗೇನ್ 170ರ ಆಸುಪಾಸು. ಅದು ಇಲ್ಲದಿದ್ದರೆ 2200ನ್ನು 470ರಿಂದ ಭಾಗಿಸಿದಷ್ಟೇ, ಅಂದರೆ ಐದೂ ಇಲ್ಲ. ನಡುವಿನ ಅಂಕಿ ಬಂದರೆ ಕೆಪಾಸಿಟರ್‌ನ ಬೆಲೆ ಆ ಫ್ರೀಕ್ವೆನ್ಸಿಗೆ ಸಾಲುತ್ತಿಲ್ಲ.

ಅಲೆ ಕತ್ತರಿಸಿದ್ದರೆ ಹತ್ತರಲ್ಲಿ ಒಂಬತ್ತು ಸಲ ಇನ್‌ಪುಟ್ ಜಾಸ್ತಿಯಾಗಿದೆ. ಗೇನ್ 170 ಇರುವಾಗ 25 ಮಿಲಿವೋಲ್ಟ್ ಪೀಕ್ ಕೊಟ್ಟರೇ ಔಟ್‌ಪುಟ್ ಮೇಲಿನ ಮಿತಿ ಮುಟ್ಟುತ್ತದೆ. ಅಷ್ಟು ಕಡಿಮೆಗೆ ಜನರೇಟರ್ ಇಳಿಯದಿದ್ದರೆ 10 ಕಿಲೋಓಮ್ ಮತ್ತು 100 ಓಮ್ ಸೇರಿಸಿ ನೂರು ಪಟ್ಟು ಇಳಿಸಿಕೊಳ್ಳಿ. ಮೇಲ್ಭಾಗ ಚಪ್ಪಟೆಯಾಗಿದ್ದರೆ ಟ್ರಾನ್ಸಿಸ್ಟರ್ ಕಟ್-ಆಫ್‌ಗೆ (ಪೂರ್ತಿ ಆಫ್) ಹೋಗುತ್ತಿದೆ, ಕೆಳಭಾಗ ಚಪ್ಪಟೆಯಾಗಿದ್ದರೆ ಸ್ಯಾಚುರೇಶನ್‌ಗೆ. ಇನ್‌ಪುಟ್ ಇಳಿಸಿದ ಮೇಲೂ ಒಂದೇ ಕಡೆ ಕತ್ತರಿಸುತ್ತಿದ್ದರೆ ಮತ್ತೆ ಡಿಸಿ ಅಳತೆಗೆ ಹೋಗಿ.

ಲಕ್ಷಣ: ಆಪ್-ಆಂಪ್ ಔಟ್‌ಪುಟ್ ಒಂದೇ ಕಡೆ ಅಂಟಿಕೊಂಡಿದೆ

±12 ಕೊಟ್ಟಿದ್ದೀರಿ, ಔಟ್‌ಪುಟ್ +11ರ ಹತ್ತಿರ ಕೂತುಬಿಟ್ಟಿದೆ. ಐಸಿ ಬದಲಿಸುವ ಮೊದಲು ಒಂದೇ ಒಂದು ಅಳತೆ: 3ನೇ ಪಿನ್ 2ನೇ ಪಿನ್ನಿಗಿಂತ ಮೇಲಿದೆಯೋ ಕೆಳಗಿದೆಯೋ? 3 ಮೇಲಿದ್ದು ಔಟ್‌ಪುಟ್ ಪ್ಲಸ್ ಕಡೆ ಇದ್ದರೆ ಐಸಿ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ, ದೋಷ ಹೊರಗಿದೆ. 3 ಕೆಲವು ನೂರು ಮಿಲಿವೋಲ್ಟ್ ಮೇಲಿದ್ದೂ ಔಟ್‌ಪುಟ್ ಮೈನಸ್ ಕಡೆ ಅಂಟಿದ್ದರೆ, ಮತ್ತು ಔಟ್‌ಪುಟ್ ಎಲ್ಲೂ ಶಾರ್ಟ್ ಆಗಿಲ್ಲದಿದ್ದರೆ, ಆಗ ಐಸಿ ಹೋಗಿದೆ ಅನ್ನಬಹುದು.

ಹೊರಗಿನ ದೋಷ ಮೂರರಲ್ಲಿ ಒಂದು. ಫೀಡ್‌ಬ್ಯಾಕ್ ರೆಸಿಸ್ಟರ್ 6ರಿಂದ 2ಕ್ಕೆ ತಲುಪಿಲ್ಲ. 2 ಮತ್ತು 3 ಅದಲುಬದಲಾಗಿವೆ. ಅಥವಾ 3ನೇ ಪಿನ್ನಿಗೆ ಕೆಪಾಸಿಟರ್ ಮೂಲಕ ಮಾತ್ರ ಸಿಗ್ನಲ್ ಕೊಟ್ಟು, ಗ್ರೌಂಡ್‌ಗೆ ರೆಸಿಸ್ಟರ್ ಹಾಕಿಲ್ಲ. ಬಯಾಸ್ ಕರೆಂಟ್‌ಗೆ ದಾರಿಯೇ ಇಲ್ಲ.

ಸೈನ್ ಅಲೆ ಕೊಟ್ಟರೆ ತ್ರಿಕೋನ ಬರುತ್ತಿದೆ ಅನ್ನುವುದು ಕೆಡುಕಲ್ಲ. 741ರ ಸ್ಲ್ಯೂ ರೇಟ್ (ಔಟ್‌ಪುಟ್ ಬದಲಾಗಬಲ್ಲ ಗರಿಷ್ಠ ವೇಗ) ಮೈಕ್ರೋಸೆಕೆಂಡಿಗೆ ಅರ್ಧ ವೋಲ್ಟ್. 10 ವೋಲ್ಟ್ ಪೀಕ್‌ನ ಸೈನನ್ನು ಅದು ಸುಮಾರು 8 ಕಿಲೋಹರ್ಟ್ಸ್‌ವರೆಗೆ ಮಾತ್ರ ಸರಿಯಾಗಿ ಕೊಡಬಲ್ಲದು. ಅಲೆ ಚಿಕ್ಕದು ಮಾಡಿ, ಮತ್ತೆ ಸೈನ್ ಆದರೆ ಕಾರಣ ಇದೇ.

ಲಕ್ಷಣ: ಕೊಡದ ಅಲೆ ಔಟ್‌ಪುಟ್‌ನಲ್ಲಿ ಕಾಣುತ್ತಿದೆ

ಅದರ ಫ್ರೀಕ್ವೆನ್ಸಿ ಅಳೆಯಿರಿ. ಮೇನ್ಸ್ ಫ್ರೀಕ್ವೆನ್ಸಿಯೇ ಆದರೆ, ಅಂದರೆ 50 ಅಥವಾ 60 ಹರ್ಟ್ಸ್, ಯಾವುದೋ ಇನ್‌ಪುಟ್ ಗಾಳಿಯಲ್ಲಿದೆ ಅಥವಾ ಪ್ರೋಬ್‌ನ ಗ್ರೌಂಡ್ ಕ್ಲಿಪ್ ಹಾಕಿಲ್ಲ. ಅದರ ಎರಡರಷ್ಟಾದರೆ ಫುಲ್-ವೇವ್ ರೆಕ್ಟಿಫೈಯರ್‌ನ ರಿಪಲ್, ಫಿಲ್ಟರ್ ಕೆಪಾಸಿಟರ್ ನೋಡಿ. ಬ್ರಿಡ್ಜ್ ಕಟ್ಟಿ ಮೇನ್ಸ್ ಫ್ರೀಕ್ವೆನ್ಸಿಯದೇ ರಿಪಲ್ ಬಂದರೆ ಒಂದು ಡಯೋಡ್ ಓಪನ್ ಆಗಿದೆ.

ನೂರಾರು ಕಿಲೋಹರ್ಟ್ಸ್ ಅಥವಾ ಅದಕ್ಕೂ ಮೇಲಿದ್ದರೆ ಸರ್ಕ್ಯೂಟ್ ತಾನೇ ಆಸಿಲೇಟ್ ಆಗುತ್ತಿದೆ. ಐಸಿಯ ಪವರ್ ಪಿನ್ನಿಗೂ ಗ್ರೌಂಡ್‌ಗೂ ಮಧ್ಯೆ ಒಂದು 104 ಕೆಪಾಸಿಟರ್ ಹಾಕಿ, ಪಿನ್ನಿಗೆ ಎಷ್ಟು ಹತ್ತಿರ ಆದರೆ ಅಷ್ಟು ಒಳ್ಳೆಯದು. ಗೇಣುದ್ದದ ವೈರ್‌ಗಳನ್ನು ಗಿಡ್ಡ ಮಾಡಿ. ಬ್ರೆಡ್‌ಬೋರ್ಡ್‌ನ ಪಕ್ಕಪಕ್ಕದ ಸಾಲುಗಳ ಮಧ್ಯೆ ಕೆಲವು ಪಿಕೋಫ್ಯಾರಡ್ ಇದ್ದೇ ಇರುತ್ತದೆ. ಹತ್ತಾರು ಮೆಗಾಹರ್ಟ್ಸ್‌ನ ಸರ್ಕ್ಯೂಟ್ ಅದರ ಮೇಲೆ ನೆಟ್ಟಗೆ ಕೆಲಸ ಮಾಡಲಿ ಅಂತ ಬಯಸುವುದೇ ಜಾಸ್ತಿಯಾಯಿತು.

ಲಕ್ಷಣ: ಕೌಂಟರ್ ಹಾರಿ ಹಾರಿ ಎಣಿಸುತ್ತದೆ, ಲಾಜಿಕ್ ಮನಸ್ಸಿಗೆ ಬಂದಂತೆ ಬದಲಾಗುತ್ತದೆ

ಸ್ವಿಚ್ಚಿನಿಂದ ಕ್ಲಾಕ್ ಕೊಡುತ್ತಿದ್ದರೆ ಅದು ಬೌನ್ಸ್. ಒಂದು ಸಲ ಒತ್ತಿದರೆ ಲೋಹದ ತುದಿಗಳು ಕೆಲವು ಮಿಲಿಸೆಕೆಂಡ್ ಕುಣಿಯುತ್ತವೆ, ಕೌಂಟರ್ ಅಷ್ಟನ್ನೂ ಎಣಿಸುತ್ತದೆ. ಜನರೇಟರ್‌ನಿಂದ 1 ಹರ್ಟ್ಸ್, 0ರಿಂದ 5 ವೋಲ್ಟ್ ಚೌಕ ಅಲೆ ಕೊಡಿ. ಸರಿಯಾಗಿ ಎಣಿಸಿದರೆ ಕೌಂಟರ್ ನಿರ್ದೋಷಿ. ಎರಡು ನ್ಯಾಂಡ್ ಗೇಟ್‌ನ ಲ್ಯಾಚ್ ಮತ್ತು ಎರಡು ಕಡೆಗೆ ಹೊರಳುವ ಸ್ವಿಚ್ಚು ಹಾಕಿದರೆ ತೊಂದರೆ ಮುಗಿಯುತ್ತದೆ. ಜನರೇಟರ್‌ನ ಅಲೆ ಮೈನಸ್‌ಗೆ ಹೋಗದಂತೆ ಆಫ್‌ಸೆಟ್ ಇಟ್ಟಿದ್ದೀರಾ ಅಂತ ಐಸಿಗೆ ಕೊಡುವ ಮೊದಲೇ ಸ್ಕೋಪ್‌ನಲ್ಲಿ ನೋಡಿ.

ಸ್ವಿಚ್ಚಿಲ್ಲದೆಯೂ ಹೀಗಾದರೆ ಬಿಟ್ಟುಹೋದ ಇನ್‌ಪುಟ್ ಹುಡುಕಿ. ಟಿಟಿಎಲ್‌ನಲ್ಲಿ (7400ರಂಥ ಐಸಿಗಳ ಬಗೆ) ಗಾಳಿಯಲ್ಲಿರುವ ಇನ್‌ಪುಟ್ 1 ಅಂತ ನಡೆದುಕೊಳ್ಳುತ್ತದೆ. ಅಲ್ಲಿ ಅಳೆದರೆ 0.8 ಮತ್ತು 2 ವೋಲ್ಟ್‌ನ ನಡುವೆ ಏನೋ ಸಿಗುತ್ತದೆ. ಇನ್ನೊಂದು ಬಗೆಯಾದ ಸಿಮಾಸ್ ಐಸಿಯಲ್ಲಿ ಅದು ಏನು ಬೇಕಾದರೂ ಆಗಬಹುದು, ಕೈ ಹತ್ತಿರ ತಂದರೂ ಬದಲಾಗುತ್ತದೆ. ಬಳಸದ ಇನ್‌ಪುಟ್‌ಗಳನ್ನು ಪವರ್‌ಗೋ ಗ್ರೌಂಡ್‌ಗೋ ಕಟ್ಟಿ. 555 ಟೈಮರ್ ಐಸಿ ಆಡದಿದ್ದರೆ 4ನೇ ಪಿನ್, ಅಂದರೆ ರಿಸೆಟ್, ಪವರ್‌ಗೆ ಸೇರಿದೆಯಾ ಅಂತ ಮೊದಲು ನೋಡಿ.

ಲಕ್ಷಣ: ಕಮ್ಯುನಿಕೇಶನ್ ಲ್ಯಾಬ್‌ನಲ್ಲಿ ಮೆಸೇಜ್ ವಾಪಸ್ ಬರುತ್ತಿಲ್ಲ

ಎಎಂ (ಮೆಸೇಜ್‌ಗೆ ತಕ್ಕಂತೆ ಕ್ಯಾರಿಯರ್ ಅಲೆಯ ಎತ್ತರ ಬದಲಿಸುವುದು) ಪ್ರಯೋಗದಲ್ಲಿ ಮೊದಲು ಮಾಡ್ಯುಲೇಟ್ ಆದ ಅಲೆಯನ್ನೇ ನೋಡಿ. ಹೊದಿಕೆಯ, ಅಂದರೆ ಅಲೆಯ ತುದಿಗಳನ್ನು ಸೇರಿಸುವ ಗೆರೆಯ, ಕೆಳಭಾಗ ಸೊನ್ನೆ ಮುಟ್ಟಿ ಮತ್ತೆ ಮೇಲೇಳುತ್ತಿದ್ದರೆ ಓವರ್ ಮಾಡ್ಯುಲೇಶನ್. ಡಿಟೆಕ್ಟರ್ (ಮೆಸೇಜ್ ವಾಪಸ್ ತೆಗೆಯುವ ಭಾಗ) ಎಷ್ಟೇ ಚೆನ್ನಾಗಿದ್ದರೂ ಮೆಸೇಜ್ ಕೆಡುತ್ತದೆ. ಮೆಸೇಜ್‌ನ ವೋಲ್ಟೇಜ್ ಇಳಿಸಿ.

ಎಎಂ ಸರಿ ಇದ್ದು ಡಿಟೆಕ್ಟರ್ ಔಟ್‌ಪುಟ್ ಇಲ್ಲದಿದ್ದರೆ ಡಯೋಡ್ ನೋಡಿ. ಸಿಲಿಕಾನ್ ಡಯೋಡ್ 0.6 ವೋಲ್ಟ್ ನುಂಗುತ್ತದೆ. ನಿಮ್ಮ ಎಎಂ ಅಷ್ಟು ಎತ್ತರವೇ ಇಲ್ಲದಿದ್ದರೆ ಹೊರಗೆ ಏನು ಬರಬೇಕು? ಜರ್ಮೇನಿಯಂ ಅಥವಾ ಶಾಟ್ಕಿ ಡಯೋಡ್ ಹಾಕಿ. ಮೆಸೇಜ್ ಬಂದಿದೆ, ಆದರೆ ಇಳಿಜಾರಿನ ಕಡೆ ನೇರ ಗೆರೆಯಾಗಿದೆ ಅಂದರೆ ಆರ್‌ಸಿ (ರೆಸಿಸ್ಟರ್ ಮತ್ತು ಕೆಪಾಸಿಟರ್ ಬೆಲೆಗಳ ಗುಣಲಬ್ಧ) ಜಾಸ್ತಿ, ಕೆಪಾಸಿಟರ್ ಸಮಯಕ್ಕೆ ಖಾಲಿಯಾಗುತ್ತಿಲ್ಲ. ಮೆಸೇಜ್ ಮೇಲೆ ಗರಗಸದ ಹಲ್ಲಿನಂತೆ ಕ್ಯಾರಿಯರ್ ಉಳಿದಿದ್ದರೆ ಆರ್‌ಸಿ ಕಡಿಮೆ. ಕ್ಯಾರಿಯರ್ 100 ಕಿಲೋಹರ್ಟ್ಸ್, ಮೆಸೇಜ್ 1 ಕಿಲೋಹರ್ಟ್ಸ್ ಆದರೆ 10 ಕಿಲೋಓಮ್ ಮತ್ತು 0.01 ಮೈಕ್ರೋಫ್ಯಾರಡ್‌ನಿಂದ ಶುರು ಮಾಡಿ, ಅದು 100 ಮೈಕ್ರೋಸೆಕೆಂಡ್.

ಸ್ಯಾಂಪ್ಲಿಂಗ್‌ನಲ್ಲಿ ಬೇರೆಯೇ ಫ್ರೀಕ್ವೆನ್ಸಿ ವಾಪಸ್ ಬಂದರೆ ಕಳೆದು ನೋಡಿ. 8 ಕಿಲೋಹರ್ಟ್ಸ್‌ನಲ್ಲಿ ಸ್ಯಾಂಪಲ್ ಮಾಡಿ 5 ಕಿಲೋಹರ್ಟ್ಸ್ ಕೊಟ್ಟರೆ 3 ಕಿಲೋಹರ್ಟ್ಸ್ ಸಿಗುತ್ತದೆ. ಸರ್ಕ್ಯೂಟ್ ಸರಿಯಾಗಿದೆ, ಮೆಸೇಜ್‌ನ ಫ್ರೀಕ್ವೆನ್ಸಿ ಮಿತಿ ಮೀರಿದೆ. ಫೈಬರ್ ಕಿಟ್‌ನಲ್ಲಿ ಸಿಗ್ನಲ್ ಇಲ್ಲ ಅಂತ ಕೇಬಲ್‌ನ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ. ಇನ್‌ಫ್ರಾರೆಡ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಲೇಸರ್ ಆಗಿದ್ದರೆ ಹಾನಿ ಮಾತ್ರ ಮಾಡುತ್ತದೆ.

ಲಕ್ಷಣ: ಮುಟ್ಟಿದರೆ ಕೆಲಸ ಮಾಡುತ್ತದೆ, ಕೈ ತೆಗೆದರೆ ನಿಲ್ಲುತ್ತದೆ

ಲೂಸ್ ಕಾಂಟ್ಯಾಕ್ಟ್, ಇಲ್ಲವೇ ತೇಲುತ್ತಿರುವ ಇನ್‌ಪುಟ್. ಪ್ಲಾಸ್ಟಿಕ್ ಪೆನ್ನಿನಿಂದ ಒಂದೊಂದು ವೈರನ್ನು ಮೆಲ್ಲಗೆ ಅಲ್ಲಾಡಿಸಿ. ಪೆನ್ನಿಗೆ ಸಿಗದೆ ಬೆರಳಿಗೆ ಮಾತ್ರ ಸ್ಪಂದಿಸಿದರೆ ಇನ್‌ಪುಟ್ ತೇಲುತ್ತಿದೆ. ದಪ್ಪ ಕಾಲಿನ ಡಯೋಡ್ ತುರುಕಿದ ತೂತುಗಳು ಅಗಲವಾಗಿ ಆಮೇಲೆ ತೆಳು ವೈರ್ ಹಿಡಿಯುವುದಿಲ್ಲ, ಅಂಥ ಸಾಲನ್ನು ಬಿಟ್ಟುಬಿಡಿ.

ಎಲ್ಲಿಗೆ ನಿಲ್ಲಿಸಿ, ಯಾರನ್ನು ಕರೆಯಬೇಕು

ಹೊಗೆ, ಸುಟ್ಟ ವಾಸನೆ, ಉಬ್ಬಿದ ಕೆಪಾಸಿಟರ್, ಉಪಕರಣದ ಲೋಹ ಮುಟ್ಟಿದರೆ ಜುಮ್ ಅನ್ನುವುದು, ಟೇಬಲ್‌ನ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್ಚು) ಬೀಳುವುದು: ಇವುಗಳಲ್ಲಿ ಯಾವುದೇ ಬಂದರೂ ಮೇನ್ಸ್ ಸ್ವಿಚ್ಚು ಆಫ್ ಮಾಡಿ ಲ್ಯಾಬ್ ಸಿಬ್ಬಂದಿಯನ್ನು ಕರೆಯಿರಿ. ಕಾರಣ ಗೊತ್ತಾಗದೆ ಎಂಸಿಬಿ ಮತ್ತೆ ಎತ್ತಬೇಡಿ. ಸಪ್ಲೈ, ಸ್ಕೋಪ್ ಯಾವುದರ ಮುಚ್ಚಳವನ್ನೂ ಬಿಚ್ಚಬೇಡಿ. ಆಫ್ ಆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಮೀಟರ್‌ನ ಫ್ಯೂಸ್ ಹೋಗಿದ್ದರೆ ಅದೇ ರೇಟಿಂಗ್‌ನದ್ದನ್ನೇ ಹಾಕಿಸಿ, ವೈರಿನ ತುಂಡು ಬೇಡ.

ಅಪಾಯವೇನೂ ಇಲ್ಲ, ಆದರೂ ಅರ್ಧ ಗಂಟೆಯಲ್ಲಿ ದಾರಿ ಸಿಗಲಿಲ್ಲ ಅಂದರೂ ಕೇಳಿ. ಕೇಳುವ ಮೊದಲು ಸರ್ಕ್ಯೂಟ್ ಚಿತ್ರದ ಮೇಲೆ ಪೆನ್ಸಿಲ್‌ನಲ್ಲಿ ಪ್ರತಿ ಪಿನ್ನಿನ ಡಿಸಿ ವೋಲ್ಟೇಜ್ ಬರೆಯಿರಿ, ಪಕ್ಕದಲ್ಲಿ ಎಷ್ಟಿರಬೇಕಿತ್ತು ಅಂತಲೂ ಬರೆಯಿರಿ. "ಸರ್, ಬರ್ತಾ ಇಲ್ಲ" ಅಂದರೆ ಅವರೂ ಮೊದಲಿನಿಂದ ಹುಡುಕಬೇಕು. "ಮೇಡಂ, ಬೇಸ್‌ನಲ್ಲಿ 1.6 ಇದೆ, ಎಮಿಟರ್ ಸೊನ್ನೆ" ಅಂದರೆ ಉತ್ತರ ಅಲ್ಲೇ ಸಿಗುತ್ತದೆ. ಬೋರ್ಡನ್ನು ಇದ್ದ ಹಾಗೇ ಬಿಟ್ಟಿರಿ, ಸುಳಿವೆಲ್ಲ ಅದರ ಮೇಲೇ ಇದೆ.